ಹಿಮ್ಮಡಿಯಷ್ಟೇ ಕಂಡ ಮಗನಿಗೆ

ನನ್ನ ಮೊದಲನೆಯವನೇ,

ಕಾಗದದ ತಲೆಯಲ್ಲಿ ಹೆಸರು ಬರೆಯಬೇಕು ಎಂದು ಮೂರನೇ ಕ್ಲಾಸಿನ ಮೇಷ್ಟ್ರು ಕಲಿಸಿದ್ದರು. ನನ್ನ ಓದು ಅಲ್ಲಿಗೇ ಮುಗಿಯಿತು, ಆದರೆ ಅಷ್ಟು ನೆನಪಿದೆ. ನಿನಗೆ ಹೆಸರಿಲ್ಲ. ಯಾರೂ ಇಡಲಿಲ್ಲ, ನಾನೂ ಇಡಲಿಲ್ಲ. ಅದಕ್ಕೇ ಮೇಲಿನ ಸಾಲಿನ ಪಕ್ಕ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇನೆ. ಬರೆಯುತ್ತಿರುವುದು ಲೀನಾಳ ಹಳೆಯ ಶಾಲೆಯ ನೋಟ್‌ಬುಕ್ಕಿನಲ್ಲಿ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಇರಲಿ, ಓದುವವನು ನೀನೊಬ್ಬನೇ ತಾನೆ.

ಈಗ ಬೆಳಿಗ್ಗೆ ಹತ್ತು ಗಂಟೆ. ಹೊರಗೆ ಎಷ್ಟು ಮಂಜೆಂದರೆ ಎದುರಿನ ಹಟ್ಟಿಯೇ ಕಾಣುತ್ತಿಲ್ಲ, ಹಸುಗಳ ಕೆಮ್ಮು ಮಾತ್ರ ಕೇಳುತ್ತಿದೆ. ಮನೆಯಲ್ಲಿ ನಾನೊಬ್ಬಳೇ. ನಿನ್ನ ತಮ್ಮ ಬಲ್ಕಾರ್ ಮತ್ತು ಅವನ ಹೆಂಡತಿ ಬೆಳಿಗ್ಗೆಯೇ ಲೀನಾಳನ್ನು ಕರೆದುಕೊಂಡು ಪಟ್ಟಣದ ಆಸ್ಪತ್ರೆಗೆ ಹೋದರು. ಲೀನಾ ಎಂದರೆ ಅವರ ಮಗಳು, ಗುರ್ಲೀನ್. ಇಲ್ಲಿಯವರ ನಾಲಿಗೆಗೆ ಅರ್ಧ ಹೆಸರೇ ಸಾಕು. ಇವತ್ತು ಅವಳಿಗೆ ನೋವು ಬರಿಸುವ ಔಷಧಿ ಕೊಡುತ್ತಾರೆ. ಇನ್ನು ಕಾಯುವುದು ಬೇಡ, ಒಳಗಿರುವುದಕ್ಕಿಂತ ಹೊರಗಿರುವುದೇ ಕೂಸಿಗೆ ಒಳ್ಳೆಯದು ಎಂದಿದ್ದಾರೆ ಡಾಕ್ಟರು.

ಕಾರಿನಲ್ಲಿ ಜಾಗವಿತ್ತು. ನಾನು ಚಪ್ಪಲಿಯನ್ನೂ ಹಾಕಿಕೊಂಡಿದ್ದೆ. "ಬೀಜೀ, ನೀವು ಬಂದ್ರೆ ಅಲ್ಲಿ ಎಲ್ಲರ ತಲೆ ತಿಂತೀರಿ. ಮನೇಲೇ ಇರಿ, ಫೋನ್ ಮಾಡ್ತೀವಿ" ಅಂದಳು ಸೊಸೆ. ಈ ಮನೆಯಲ್ಲಿ ಎಲ್ಲರಿಗೂ ನಾನು ಬೀಜೀ, ಹಿರಿಯಮ್ಮ. ನಿಜವನ್ನೇ ಹೇಳಿದಳು, ಅದಕ್ಕೇ ಸಿಟ್ಟು ಬಂತು. ಫೋನನ್ನು ಮೇಜಿನ ನಡುವೆ ಇಟ್ಟು, ಅದರ ಎದುರು ಕೂತಿದ್ದೇನೆ. ಅದು ಬಡಿದುಕೊಳ್ಳುವವರೆಗೆ ಯಾರ ಜೊತೆಗಾದರೂ ಮಾತಾಡದಿದ್ದರೆ ನನ್ನ ಎದೆ ಒಡೆಯುತ್ತದೆ. ಈ ಮಾತು ಆಡಬಹುದಾದವನು ನೀನೊಬ್ಬನೇ.

ನಿನಗೆ ಮೊದಲು ನಿನ್ನ ಕತೆಯನ್ನೇ ಹೇಳಬೇಕು. ಅದು ನಿನಗೂ ಗೊತ್ತಿಲ್ಲ.

ಐವತ್ತು ವರ್ಷ ಆಯಿತು. ನನಗೆ ಆಗ ಹತ್ತೊಂಬತ್ತು. ಹೋಶಿಯಾರ್‌ಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಗೋಧಿ ಮೊಣಕಾಲಿನವರೆಗೆ ಬಂದಿತ್ತು. ನೀನು ಹೊಟ್ಟೆಯಲ್ಲಿದ್ದೀ ಎಂದು ಗೊತ್ತಾದ ದಿನದಿಂದ ನಿನ್ನ ಅಜ್ಜಿ, ನನ್ನ ಅತ್ತೆ, ಪಂಜೀರಿಯ ಡಬ್ಬ ಬತ್ತಲು ಬಿಡಲಿಲ್ಲ. ಗೋಧಿ ಹಿಟ್ಟನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಬೆಲ್ಲ, ಬಾದಾಮಿ, ಅಂಟು, ಒಣಶುಂಠಿ ಬೆರೆಸಿ, ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. "ತಿನ್ನೇ ಚನನ್, ಒಳಗಿರೋನು ಪೈಲ್ವಾನ. ಒಬ್ಬಳ ಪಾಲು ಇಬ್ಬರಿಗೆ ಎಲ್ಲಿ ಸಾಲುತ್ತೆ?" ಅನ್ನುತ್ತಿದ್ದರು. ಬಾಯಿ ಕೆಟ್ಟವರು, ಆದರೆ ತುಪ್ಪದ ಕೈ ದೊಡ್ಡದು. ನಾನು ತಿಂದೆ. ಹೊಟ್ಟೆ ನನಗಿಂತ ಒಂದು ಮೊಳ ಮುಂದೆ ನಡೆಯುತ್ತಿತ್ತು. ಬೀದಿಯ ಹೆಂಗಸರು ನಿಂತು ನೋಡುತ್ತಿದ್ದರು.

ಅದರ ಜೊತೆಗೆ ಬಾಯಾರಿಕೆ. ಕೈಪಂಪನ್ನು ಒಂದು ಕೈಯಲ್ಲಿ ಒತ್ತುತ್ತಾ, ಇನ್ನೊಂದು ಬೊಗಸೆಯಲ್ಲಿ ಕುಡಿಯುತ್ತಲೇ ಇರುತ್ತಿದ್ದೆ. ಕುಡಿದು ಮುಗಿಸುವ ಮೊದಲೇ ಮತ್ತೆ ಗಂಟಲು ಒಣಗುತ್ತಿತ್ತು. ಹಿತ್ತಲಲ್ಲಿ ನಾನು ಕೂತು ಎದ್ದ ಜಾಗಕ್ಕೆ ಇರುವೆ ಸಾಲು ಹಿಡಿಯುತ್ತಿತ್ತು. ಸೂಲಗಿತ್ತಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯಯ್ಯೋ, ಇರುವೆಗಳೂ ನಿನ್ನ ಮಗನಿಗೆ ಸಲಾಮು ಹೊಡೆಯೋಕೆ ಬಂದಿವೆಯಲ್ಲೇ!" ನಾನೂ ನಕ್ಕೆ. ನಾವೆಲ್ಲ ನಕ್ಕೆವು ಕಣೋ. ಇರುವೆಗೆ ಗೊತ್ತಿದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೀನು ಸುಮ್ಮನಾದೆ. "ಪೈಲ್ವಾನ ಸುಸ್ತಾಗಿ ಮಲಗಿದಾನೆ" ಅಂದರು ನಿನ್ನ ಅಜ್ಜಿ. ಎರಡು ದಿನ ನೀನು ಮಲಗಿಯೇ ಇದ್ದೆ. ಮೂರನೇ ದಿನ ನೋವು ಬಂತು, ನಿನ್ನನ್ನು ಹೊರಗೆ ತರಲು ಸೂಲಗಿತ್ತಿಗೆ ಒಂದೂವರೆ ದಿನ ಹಿಡಿಯಿತು. ಅವಳು ನಿನ್ನನ್ನು ಎರಡೂ ಕೈಯಲ್ಲಿ ಎತ್ತಿ, "ಎರಡು ತಿಂಗಳ ಕೂಸಿನ ಹಾಗಿದೆ, ವಾಹೆಗುರು" ಅಂದಳು. ನಿನ್ನ ಅಪ್ಪನ ಪೇಟದ ಬಟ್ಟೆಯಲ್ಲಿ ನಿನ್ನನ್ನು ಸುತ್ತಿದರು. ನನಗೆ ಮುಖ ತೋರಿಸಬಾರದು, ನೋಡಿದರೆ ಮರೆಯುವುದು ಕಷ್ಟ ಎಂದರು. ಬಾಗಿಲು ದಾಟುವಾಗ ಬಟ್ಟೆ ಸರಿದು ನಿನ್ನ ಒಂದು ಕಾಲು ಹೊರಗೆ ಬಂತು. ದುಂಡಗಿನ, ನುಣ್ಣನೆಯ ಹಿಮ್ಮಡಿ. ಒಂದು ಹೆಜ್ಜೆಯೂ ಇಡದ ಹಿಮ್ಮಡಿ. ನಾನು ಕಂಡದ್ದು ಅಷ್ಟೇ. ನಿನ್ನ ಅಪ್ಪ ಸನಿಕೆ ಹಿಡಿದು ಕಾಲುವೆಯ ಕಡೆಗೆ ಹೋದರು.

ನೋಡದಿದ್ದರೆ ಮರೆಯಬಹುದು ಎಂದು ಹೇಳಿದವರು ಯಾರೂ ಹೆತ್ತವರಲ್ಲ ಅಂದುಕೊಳ್ಳೋಣವೇ? ನಿನ್ನ ಅಜ್ಜಿ ಏಳು ಹೆತ್ತವರು!

ನಾಲ್ಕನೇ ದಿನ ನನಗೆ ಹಾಲು ಬಂತು. ಅದು ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ದನದ ಕೊಟ್ಟಿಗೆಯ ಹಿಂದೆ ನಿಂತು ಗೋಡೆಗೆ ಹಿಂಡಿದೆ. "ಕಣ್ಣು ಬಿತ್ತು" ಅಂದರು ನಿನ್ನ ಅಜ್ಜಿ. "ಅಷ್ಟು ಮೆರೆಸಿದ್ದೇ ತಪ್ಪಾಯ್ತು. ಇನ್ನು ಈ ಮನೇಲಿ ಆ ಮಾತು ಯಾರ ಬಾಯಿಂದಲೂ ಬರಬಾರದು." ಬರಲಿಲ್ಲ. ಎರಡು ವರ್ಷ ಕಳೆದು ಬಲ್ಕಾರ್ ಹೊಟ್ಟೆಗೆ ಬಂದಾಗ ನನಗೆ ತುಪ್ಪದ ಡಬ್ಬ ಮುಟ್ಟಲು ಬಿಡಲಿಲ್ಲ. ಬೆಲ್ಲವಿಲ್ಲ, ಹಾಲಿನ ಕೆನೆಯಿಲ್ಲ. ಕಡಲೆ ಹಿಟ್ಟಿನ ರೊಟ್ಟಿ, ಸಾಸಿವೆ ಸೊಪ್ಪಿನ ಸಾಗ್, ದಿನವಿಡೀ ಹೊಲದಲ್ಲಿ ಕಳೆ ಕೀಳುವುದು. ನನ್ನ ಮೇಲಿನ ಹಗೆಯಿಂದ ಹೀಗೆ ಮಾಡುತ್ತಿದ್ದಾರೆ ಎಂದು ಒಳಗೊಳಗೇ ಶಾಪ ಹಾಕುತ್ತಿದ್ದೆ. ಬಲ್ಕಾರ್ ಸಣ್ಣಗೆ, ಗಟ್ಟಿಯಾಗಿ, ಕಿರುಚುತ್ತಾ ಹುಟ್ಟಿದ. ಇಡೀ ಊರು ಅವನನ್ನು ಮೊದಲ ಮಗ ಎಂದಿತು. ನಾನೂ ಹೂಂ ಎಂದೆ. ಅವನಿಗೆ ಒಬ್ಬ ಅಣ್ಣನಿದ್ದ ಎಂದು ಅವನಿಗೂ ಹೇಳಲಿಲ್ಲ.

ನಿನ್ನ ಅಪ್ಪ ತೀರಿಕೊಂಡ ಮೇಲೆ ಬಲ್ಕಾರ್ ನನ್ನನ್ನು ಇಲ್ಲಿಗೆ, ಕಡಲಾಚೆಯ ಪರದೇಶದ ಈ ಪೋ ನದಿಯ ಬಯಲಿಗೆ ತಂದ. ಇಪ್ಪತ್ತೊಂದು ವರ್ಷ ಆಯಿತು. ಮುನ್ನೂರು ಹಸುಗಳ ಹಟ್ಟಿ, ಹಾಲೆಲ್ಲ ಚೀಸಿನ ಕಾರ್ಖಾನೆಗೆ. ಹಾಲು ಕರೆಯುವವನು ನಿನ್ನ ತಮ್ಮ. ಹಟ್ಟಿಯ ಹಿಂದಿನ ಇಟ್ಟಿಗೆ ಮನೆಯಲ್ಲಿ ನಾವು, ಪಕ್ಕದ ಬಾಗಿಲಿನಲ್ಲಿ ಓರ್ನೆಲ್ಲಾ. ಹಳೆಯ ಯಜಮಾನನ ವಿಧವೆ, ಎಪ್ಪತ್ತೆಂಟು ವರ್ಷ. ಅವಳಿಗೆ ನನ್ನ ಭಾಷೆ ಒಂದಕ್ಷರ ಬರದು. ನನಗೆ ಅವಳದ್ದು ಮೂವತ್ತು ಮಾತು ಬರುತ್ತದೆ, ಅದರಲ್ಲಿ ಹತ್ತು ಬೈಗುಳ. ಬೇಸಿಗೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬಟಾಣಿ ಸುಲಿಯುತ್ತೇವೆ. ಅವಳು ಅವಳ ಭಾಷೆಯಲ್ಲಿ ಸೊಸೆಯನ್ನು ಬೈಯುತ್ತಾಳೆ, ನಾನು ನನ್ನ ಭಾಷೆಯಲ್ಲಿ. ಎಲ್ಲ ಅರ್ಥವಾಗುತ್ತದೆ. ಚಳಿಗಾಲದಲ್ಲಿ ಮಂಜು ಬಿದ್ದರೆ ಅವಳೂ ಬಾಗಿಲು ಹಾಕಿಕೊಳ್ಳುತ್ತಾಳೆ. ಬಲ್ಕಾರ್ ಹಟ್ಟಿಯಲ್ಲಿ, ಸೊಸೆ ಮಾಂಸ ಕಟ್ಟುವ ಕಾರ್ಖಾನೆಯಲ್ಲಿ. ಎಷ್ಟೋ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ದನಿ ನನಗೇ ಕೇಳದೆ, ಸಂಜೆ ಮೊದಲ ಮಾತಿಗೆ ಗಂಟಲು ಕಟ್ಟಿರುತ್ತದೆ.

ಅದಕ್ಕೇ ಆರನೇ ತಿಂಗಳಿಗೆ ಲೀನಾ ತವರಿಗೆ ಬಂದಾಗ ನನಗೆ ಹಬ್ಬ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು; ಆ ರೂಢಿಯನ್ನು ಇಲ್ಲಿಗೂ ಕಟ್ಟಿಕೊಂಡು ಬಂದಿದ್ದೇವೆ. ಅವಳ ಗಂಡ ಜರ್ಮನಿಗೆ ಲಾರಿ ಹೊಡೆಯುತ್ತಾನೆ, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಇಡೀ ದಿನ ನನ್ನ ಪಾಲಿಗೆ ಲೀನಾ ಒಬ್ಬಳೇ, ಅವಳ ಪಾಲಿಗೆ ನಾನು.

ಬಂದ ವಾರವೇ ಅವಳಿಗೆ ಸಕ್ಕರೆ ನೀರು ಕುಡಿಸಿ ರಕ್ತ ತೆಗೆಯುವ ಪರೀಕ್ಷೆ. ಅದೇ ದಿನ, ಅದೇ ಬೆಂಚಿನ ಮೇಲೆ ಓರ್ನೆಲ್ಲಾಳ ಮೊಮ್ಮಗನ ಹೆಂಡತಿ ಕಾತ್ಯಾ ಕೂಡ ಕುಡಿದಳು. ಕಾತ್ಯಾ ಕೂತರೆ ಬೆಂಚು ನರಳುತ್ತದೆ. ನಮ್ಮ ಲೀನಾ ಜೋಳದ ಕಡ್ಡಿ, ಬಸುರಿ ಎಂದು ಹಿಂದಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಮೂರು ದಿನ ಬಿಟ್ಟು ಬಂದ ಕಾಗದ ಏನು ಹೇಳಿತು ಗೊತ್ತೇ? ಕಾತ್ಯಾಳ ರಕ್ತ ಸರಿ. ಲೀನಾಳಿಗೆ ಸಕ್ಕರೆ.

ನಾನು ಬಿಡುತ್ತೇನೆಯೇ? ಅವಳ ಜೊತೆ ನಾನೂ ಹೋದೆ. ಅಲ್ಲಿ ಬಸುರಿಯರನ್ನು ನೋಡಿಕೊಳ್ಳುವ ದಾದಿ ಲೊರೆದಾನಾ, ಕನ್ನಡಕವನ್ನು ಕೂದಲಿಗೆ ಸಿಕ್ಕಿಸಿಕೊಂಡಿರುವ ಹೆಂಗಸು. ಅವಳು ಹೇಳಿದ್ದನ್ನು ಲೀನಾ ನನ್ನ ಕಿವಿಗೆ ಹಾಕಿದಳು. "ಬೀಜೀ, ನಮ್ಮ ಸೀಮೆಯ ಹೆಂಗಸರಿಗೆ ತೆಳ್ಳಗಿದ್ರೂ ಬಸುರಲ್ಲಿ ಇದು ಜಾಸ್ತಿ ಬರುತ್ತಂತೆ. ಇಲ್ಲಿಯವರಲ್ಲಿ ತೆಳ್ಳಗಿರೋ ಸಣ್ಣ ವಯಸ್ಸಿನವರಿಗೆ ಪರೀಕ್ಷೆನೇ ಬೇಡ ಅಂತಾರೆ. ನಮ್ಮವರಿಗಾದ್ರೆ ಎಲ್ಲರಿಗೂ ಮಾಡ್ತಾರೆ."

"ನಮ್ಮ ರಕ್ತಕ್ಕೆ ಬೇರೆ ತಕ್ಕಡಿಯೇನು?" ಎಂದೆ. "ಕೇಳು ಅವಳನ್ನ. ನಮ್ಮ ಸೀಮೆಯವರು ಇವರ ಹಸುಗಳ ಸಗಣಿ ಬಾಚೋವಾಗ ರಕ್ತ ಚೆನ್ನಾಗೇ ಇತ್ತಲ್ಲ?"

ಲೀನಾ ಅವಳಿಗೆ ಏನೋ ಹೇಳಿದಳು. ಲೊರೆದಾನಾ ನಕ್ಕು ನನ್ನ ಕೈ ಒತ್ತಿದಳು. ಆಮೇಲೆ ಗೊತ್ತಾಯಿತು, "ಅಜ್ಜಿ ನಿಮಗೆ ಥ್ಯಾಂಕ್ಸ್ ಹೇಳ್ತಿದಾರೆ" ಎಂದಿದ್ದಳಂತೆ ಕಳ್ಳಿ.

ಆಮೇಲೆ ಲೊರೆದಾನಾ ಕನ್ನಡಕ ಇಳಿಸಿ ಒಂದು ಉದ್ದನೆಯ ಕಾಗದ ತೆಗೆದಳು. ಕೇಳುತ್ತಾ ಹೋದಳು, ಲೀನಾ ನನ್ನ ಕಡೆ ತಿರುಗಿ ತಿರುಗಿ ಹೇಳುತ್ತಾ ಹೋದಳು. ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ? ನನಗಿದೆ, ಹತ್ತು ವರ್ಷದಿಂದ ಮಾತ್ರೆ ನುಂಗುತ್ತೇನೆ. ಮುದಿತನಕ್ಕೆ ಬಂದದ್ದು ಎಂದೆ. ಅಮ್ಮನಿಗೋ ಅಜ್ಜಿಗೋ ತುಂಬಾ ದೊಡ್ಡ ಕೂಸು ಹುಟ್ಟಿತ್ತೇ? ಹೊಟ್ಟೆಯಲ್ಲೇ ಹೋದ ಕೂಸು ಇತ್ತೇ?

"ಇಲ್ಲ ಅಂತ ಬರೆಸ್ಲಾ ಬೀಜೀ?" ಎಂದು ಲೀನಾ ಸುಮ್ಮನೆ ಕೇಳಿದಳು, ಅವಳಿಗೆ ಉತ್ತರ ಗೊತ್ತೇ ಇದೆ ಎನ್ನುವ ಹಾಗೆ.

"ಇಲ್ಲ ಅನ್ನು" ಎಂದೆ. "ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಇಲ್ಲ."

ಲೊರೆದಾನಾ ಒಂದು ಗೆರೆ ಎಳೆದಳು. ಅಲ್ಲಿಗೆ ನಿನ್ನನ್ನು ಎರಡನೇ ಸಲ ಹೂತೆ. ಈ ಸಲ ಸನಿಕೆ ನನ್ನ ಕೈಯಲ್ಲೇ ಇತ್ತು.

ತಿನ್ನಬೇಕಾದ್ದನ್ನು ಬರೆದ ಕಾಗದವನ್ನೂ ಕೊಟ್ಟರು. ಮನೆಗೆ ಬಂದು ಲೀನಾ ಓದಿದಳು. ಪಾಸ್ತಾ ಇಷ್ಟು ಗ್ರಾಂ, ಬ್ರೆಡ್ಡು ಇಷ್ಟು ತುಂಡು, ಇಂಥ ಮೀನು, ಇಂಥ ಚೀಸು. ರೊಟ್ಟಿಯ ಹೆಸರಿಲ್ಲ. ದಾಲಿನ ಹೆಸರಿಲ್ಲ. ನಾವು ಬೆಳಿಗ್ಗೆ ಎದ್ದು ಏನು ತಿನ್ನುತ್ತೇವೆ ಎಂದು ಆ ಕಾಗದಕ್ಕೆ ಗೊತ್ತೇ ಇಲ್ಲ. "ಇದರಲ್ಲಿ ಪಂಜೀರಿ ಬೇಡ ಅಂತ ಎಲ್ಲಾದರೂ ಬರೆದಿದೆಯಾ?" ಎಂದು ಕೇಳಿದೆ. ಲೀನಾ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಲ್ಲ" ಎಂದಳು. "ಮತ್ತೆ? ಬೇಡ ಅನ್ನದೇ ಇದ್ದದ್ದನ್ನ ಬಿಡೋದು ಯಾಕೆ? ಸಕ್ಕರೆ ಹಾಕಲ್ಲ, ಬೆಲ್ಲ ಹಾಕ್ತೀನಿ. ಬೆಲ್ಲ ಸಕ್ಕರೆಯಲ್ಲ, ಮಣ್ಣಿನದು, ತಂಪು."

ಹೀಗೆ ನನ್ನ ನಾಲಿಗೆ ಮುಂದೆ, ಬುದ್ಧಿ ಹಿಂದೆ. ಹಿಟ್ಟಿನ ಡ್ರಮ್ಮಿನೊಳಗೆ ಡಬ್ಬ ಬಚ್ಚಿಟ್ಟೆ, ಸೊಸೆಯ ಕಣ್ಣಿಗೆ ಬೀಳದ ಹಾಗೆ. ಮಧ್ಯಾಹ್ನ ನಾಲ್ಕಕ್ಕೆ ಚಹಾದ ಜೊತೆ ಒಂದು ಬಟ್ಟಲು. ಅವಳು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು, "ಬೀಜೀ, ನಿನ್ನ ಕೈ ಕಡಿದು ಇಟ್ಕೋಬೇಕು" ಎನ್ನುತ್ತಿದ್ದಳು. ಎದುರಿಗೆ ಯಾರೋ ಕೂತು ನನ್ನ ಕೈಯಡುಗೆ ತಿನ್ನುತ್ತಿದ್ದಾರೆ ಎನ್ನುವ ಸುಖ ಎಷ್ಟು ವರ್ಷದ ಮೇಲೆ ಸಿಕ್ಕಿತ್ತೋ! ಸತ್ಯ ಹೇಳುತ್ತೇನೆ ಮಗನೇ, ಆ ಬಟ್ಟಲು ಅವಳ ಹಸಿವಿಗಿಂತ ನನ್ನ ಹಸಿವಿಗೇ ಹೆಚ್ಚು ಬೇಕಾಗಿತ್ತು.

ಬೆರಳು ಚುಚ್ಚುವ ಯಂತ್ರದಲ್ಲಿ ಅಂಕಿ ಏರುತ್ತಲೇ ಹೋಯಿತು. ಕೊನೆಗೆ ಇನ್ಸುಲಿನ್ ಸೂಜಿ ಹಾಕಿಕೊಳ್ಳಲೇಬೇಕು ಎಂದರು. ನಾನು ಕೂಗಾಡಿದೆ. ಒಮ್ಮೆ ಚುಚ್ಚಿದರೆ ಜನ್ಮಕ್ಕೆ ಬಿಡುವುದಿಲ್ಲ, ಗಂಡನ ಮನೆಯವರು ಏನೆಂದಾರು, ಮಗಳ ರಕ್ತ ಕೆಟ್ಟದ್ದೆಂದು ಗುರುದ್ವಾರದಲ್ಲೆಲ್ಲ ಮಾತಾಗುತ್ತದೆ ಎಂದೆ. ಬಲ್ಕಾರ್ ಆಗಷ್ಟೇ ಹಾಲು ಕರೆದು ಬಂದು, ಬೂಟು ಬಿಚ್ಚುತ್ತಾ ಕೂತಿದ್ದ.

"ಬೀಜೀ, ಒಂದು ಮಾತು ಕೇಳ್ತೀನಿ. ಈ ಕಪ್ಪು-ಬಿಳಿ ಹಸುಗೆ ಹಾಕೋ ಮೇವನ್ನ ನಮ್ಮೂರ ಸಾಹಿವಾಲ್ ಹಸುಗೆ ಹಾಕಿದ್ರೆ ಏನಾಗುತ್ತೆ?"

"ಕೊಬ್ಬುತ್ತೆ. ಕರು ಹಾಕೋಕೆ ತಿಣುಕುತ್ತೆ."

"ಹಾಗಂತ ಸಾಹಿವಾಲ್ ಕೆಟ್ಟ ತಳಿನಾ?"

"ಅದರ ಮುಂದೆ ಇವು ನೀರು ಕರೆಯೋ ಕೊಡಪಾನ."

"ಅಷ್ಟೇ ಅವರು ಹೇಳ್ತಿರೋದು. ತಳಿ ಬೇರೆ, ಮೇವು ಬೇರೆ ಇರ್ಬೇಕು. ಕೆಟ್ಟದ್ದು ಅಂತ ಯಾರೂ ಅಂದಿಲ್ಲ."

"ನನ್ನ ಮೊಮ್ಮಗಳನ್ನ ಹಸು ಅಂತೀಯೇನೋ ನಾಲಾಯಕ್ಕು?" ಎಂದು ಎದ್ದುಹೋದೆ. ಮಾತು ಮನಸ್ಸಿಗೆ ತಾಗಿತ್ತು. ತಾಗಿದ್ದಕ್ಕೇ ಎದ್ದುಹೋದದ್ದು. ಲೀನಾ ಆ ಸೂಜಿಯ ಪೆನ್ನನ್ನು ಬಿಚ್ಚದೆ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಯ ಪಕ್ಕ ಇಟ್ಟಳು. ಚುಚ್ಚಿಕೊಳ್ಳುತ್ತಿದ್ದೇನೆ ಎಂದು ಅಪ್ಪ ಅಮ್ಮನಿಗೆ ಹೇಳಿದಳು. ನಿಜ ನಮ್ಮಿಬ್ಬರಿಗೇ ಗೊತ್ತು. "ಬೀಜೀ ಹೇಳಿದ ಮೇಲೆ ಇನ್ನೊಂದು ವಾರ ನೋಡ್ತೀನಿ" ಎಂದಳು ನನಗೆ. ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟವರು ನನ್ನ ಬದುಕಿನಲ್ಲಿ ಅವಳೊಬ್ಬಳೇ, ಆ ಬೆಲೆಯನ್ನು ನಾನು ಹೀಗೆ ಹಾಳುಮಾಡಿದೆ.

ಆ ವಾರ ಹೊಟ್ಟೆಯ ಚಿತ್ರ ತೆಗೆದರು. ಕೂಸು ತಿಂಗಳಿಗಿಂತ ದೊಡ್ಡದಿದೆ, ಹೊಟ್ಟೆಯ ಸುತ್ತಳತೆ ಹೆಚ್ಚಿದೆ ಎಂದರಂತೆ. ಊಟಕ್ಕೆ ಕೂತಾಗ ಬಲ್ಕಾರ್ ಮೇಜು ಬಡಿದು ನಕ್ಕ. "ಹಾಗಾದ್ರೆ ಪೈಲ್ವಾನ ಬರ್ತಿದಾನೆ!"

ನನ್ನ ಕೈಯಿಂದ ರೊಟ್ಟಿ ಜಾರಿತು. ಅವನು ಆ ಮಾತನ್ನು ಯಾರಿಂದಲೂ ಕಲಿತಿರಲಿಲ್ಲ. ಅವನ ಅಜ್ಜಿಯ ಬಾಯಲ್ಲಿ ಅದು ನಿನ್ನ ಜೊತೆಗೇ ಸತ್ತಿತ್ತು. ತಲೆಯೆತ್ತಿ ನೋಡಿದರೆ ಲೀನಾ ನೀರು ಕುಡಿಯುತ್ತಿದ್ದಳು. ಒಂದು ಲೋಟ, ಮತ್ತೊಂದು ಲೋಟ, ಆಮೇಲೆ ಬಾಟಲಿಗೇ ಬಾಯಿ ಇಟ್ಟಳು. ನನಗೆ ನಮ್ಮ ಕೈಪಂಪಿನ ಹಿಡಿಯ ಕಿರ್ ಕಿರ್ ಸದ್ದು ಕೇಳಿಸಿತು. ಆದರೂ ಬಾಯಿ ಬಿಡಲಿಲ್ಲ. ಐವತ್ತು ವರ್ಷ ಮುಚ್ಚಿದ ಬಾಯಿಗೆ ತುಕ್ಕು ಹಿಡಿದಿರುತ್ತದೆ. ಪಂಜೀರಿಯ ಬಟ್ಟಲನ್ನು ಮಾತ್ರ ಮಾರನೆಯ ದಿನ ಕೊಡಲಿಲ್ಲ. ಮುಗಿಯಿತು ಎಂದು ಸುಳ್ಳು ಹೇಳಿದೆ.

ಅದಾಗಿ ಎರಡನೇ ದಿನ, ಮಧ್ಯಾಹ್ನ ಮೂರು ಗಂಟೆಗೆ, ಲೀನಾ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. "ಬೀಜೀ, ಇವತ್ತು ಬೆಳಿಗ್ಗೆಯಿಂದ ಒದ್ದೇ ಇಲ್ಲ. ಮಲಗಿರ್ಬೇಕು, ಅಲ್ವಾ?"

ಮಲಗಿರ್ಬೇಕು! ಕೈಯಲ್ಲಿದ್ದ ಚಹಾದ ಪಾತ್ರೆಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಬರಿಗಾಲಲ್ಲಿ ಓಡಿ ಓರ್ನೆಲ್ಲಾಳ ಬಾಗಿಲು ಬಡಿದೆ. ಬಲ್ಕಾರ್ ಹಟ್ಟಿಯಲ್ಲಿ ಯಂತ್ರಗಳ ಸದ್ದಿನ ನಡುವೆ ಇದ್ದ, ಕೂಗಿದರೆ ಕೇಳದು. ನನ್ನ ಮೂವತ್ತು ಮಾತುಗಳಲ್ಲಿ ಇದಕ್ಕೆ ಬೇಕಾದದ್ದು ಒಂದೂ ಇರಲಿಲ್ಲ. ಹೊಟ್ಟೆ ಮುಟ್ಟಿಕೊಂಡು ಕೈ ಅಲ್ಲಾಡಿಸಿದೆ. ಓರ್ನೆಲ್ಲಾ ಏಪ್ರನ್ನೂ ಬಿಚ್ಚಲಿಲ್ಲ, ಕಾರಿನ ಕೀಲಿ ತೆಗೆದುಕೊಂಡು ಹೊರಟೇಬಿಟ್ಟಳು. ಆ ಮುದುಕಿ ಗಾಡಿ ಓಡಿಸುವುದನ್ನು ನೀನು ನೋಡಬೇಕಿತ್ತು, ಮೂಗು ಗಾಜಿಗೆ ತಾಗುವಷ್ಟು ಮುಂದಕ್ಕೆ ಬಗ್ಗಿ, ಮಂಜನ್ನೇ ಬೈಯುತ್ತಾ.

ಹಿಂದಿನ ಸೀಟಿನಲ್ಲಿ ಲೀನಾಳ ಕೈ ಹಿಡಿದು ಕೂತೆ. "ಬೀಜೀ, ನೀನು ಯಾಕೆ ಇಷ್ಟು ಹೆದರಿದೀಯ? ನೀನೇ ಹೀಗಾದ್ರೆ ನಾನೇನು ಮಾಡ್ಲಿ?" ಎಂದಳು. ಆಗ ಹೇಳಿದೆ.

"ನಿನ್ನ ಅಪ್ಪನಿಗಿಂತ ಮೊದಲು ನನಗೆ ಒಬ್ಬ ಇದ್ದ."

ಇರುವೆ, ಬಾಯಾರಿಕೆ, ಪಂಜೀರಿ, ಎರಡು ದಿನ ನೀನು ಸುಮ್ಮನಿದ್ದದ್ದು, ಪೇಟದ ಬಟ್ಟೆ, ಹಿಮ್ಮಡಿ, ಎಲ್ಲ ಹೇಳಿದೆ. "ಅವತ್ತು ಆ ಕಾಗದದಲ್ಲಿ ಇಲ್ಲ ಅಂತ ಬರೆಸಿದ್ದು ಸುಳ್ಳು. ಬೆಲ್ಲ ತಿನ್ನಿಸಿದ್ದು ನಾನು, ಸೂಜಿ ಬೇಡ ಅಂದಿದ್ದೂ ನಾನು. ಬೈಯಿ, ನಾಲ್ಕು ಬಾರಿಸು, ಆದ್ರೆ ಅವರಿಗೆ ಎಲ್ಲಾ ಹೇಳು." ಲೀನಾ ಬೈಯಲಿಲ್ಲ. ಅಳುತ್ತಾ ಅಳುತ್ತಾ ಅದನ್ನೆಲ್ಲ ಓರ್ನೆಲ್ಲಾಳಿಗೆ ಅವಳ ಭಾಷೆಯಲ್ಲಿ ಹೇಳಿದಳು. ಅದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬಳೇ ಹೊರಲು ಭಾರವಾಗಿತ್ತೋ ಏನೋ. ಓರ್ನೆಲ್ಲಾ ರಸ್ತೆಯಿಂದ ಕಣ್ಣು ಕೀಳದೆ ಒಂದೇ ಮಾತು ಕೇಳಿದಳು. ಅದು ನನ್ನ ಮೂವತ್ತರಲ್ಲಿ ಇದ್ದ ಮಾತೇ.

"ಅವನ ಹೆಸರೇನು?"

ಐವತ್ತು ವರ್ಷದಲ್ಲಿ ನಿನ್ನ ಹೆಸರು ಕೇಳಿದವಳು ಅವಳೊಬ್ಬಳೇ ಮಗನೇ. ನಿನ್ನನ್ನು ಒಬ್ಬ ಮನುಷ್ಯ ಎಂದುಕೊಂಡು ಕೇಳಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಆಸ್ಪತ್ರೆಯಲ್ಲಿ ಲೀನಾಳ ಹೊಟ್ಟೆಗೆ ಪಟ್ಟಿ ಕಟ್ಟಿದರು. ಯಂತ್ರ ಮೊದಲು ಗರ್ ಗರ್ ಎಂದಿತು, ಆಮೇಲೆ ಕುದುರೆ ಓಡಿದ ಹಾಗೆ ಟಕಟಕ ಟಕಟಕ. ಇತ್ತು. ಎದೆ ಬಡಿಯುತ್ತಿತ್ತು. ಆ ಸದ್ದಿಗೆ ನಾನು ಗೋಡೆ ಹಿಡಿದು ಕೆಳಗೆ ಕೂತೆ. ಲೊರೆದಾನಾ ಓಡಿ ಬಂದು ನನಗೂ ಬೆರಳು ಚುಚ್ಚಿ ನೋಡಿದಳು. ನನ್ನ ಸಕ್ಕರೆ ಎಷ್ಟಿತ್ತೆಂದು ನೀನು ಕೇಳಬೇಡ. ಆಮೇಲೆ ಅದೇ ಉದ್ದನೆಯ ಕಾಗದ ತೆಗೆದಳು. ಎಳೆದಿದ್ದ ಗೆರೆಯನ್ನು ಹೊಡೆದುಹಾಕಿ ಏನೋ ಬರೆದಳು. "ಏನು ಬರೆದಳು?" ಎಂದು ಕೇಳಿದೆ. ಲೀನಾ ಓದಿ ಹೇಳಿದಳು: "ಅಜ್ಜಿಗೆ ಮೊದಲ ಕೂಸು, ಗಂಡು, ದೊಡ್ಡದು, ಒಂಬತ್ತನೇ ತಿಂಗಳಲ್ಲಿ ಹೋಯ್ತು."

ನೀನು ಕಾಗದದ ಮೇಲೆ ಬಂದದ್ದು ಅದೇ ಮೊದಲು. ಅದೂ ನಿನ್ನ ಊರಿನಲ್ಲಲ್ಲ, ನಿನ್ನ ಭಾಷೆಯಲ್ಲಲ್ಲ. ಆದರೂ ಬಂದೆ. ನೀನು ಸಕ್ಕರೆಯಿಂದಲೇ ಹೋದೆಯೇ ಎಂದು ಕೇಳಿಸಿದೆ. ಈಗ ಯಾರೂ ಆಣೆ ಮಾಡಿ ಹೇಳಲಾರರು, ಆದರೆ ಹೆಚ್ಚುಕಡಿಮೆ ಹಾಗೇ ಇರಬೇಕು ಎಂದಳು ಲೊರೆದಾನಾ. ಕಣ್ಣು ಬಿದ್ದದ್ದಲ್ಲವಂತೆ. ನನ್ನ ಕರ್ಮವೂ ಅಲ್ಲವಂತೆ. ಯಾರಾದರೂ ಒಂದು ಹನಿ ರಕ್ತ ನೋಡಿದ್ದರೆ ಗೊತ್ತಾಗುತ್ತಿತ್ತಂತೆ, ಅಷ್ಟೇ. ಆಗ ನನಗೆ ನಿನ್ನ ಅಜ್ಜಿಯ ಮೇಲಿನ ಐವತ್ತು ವರ್ಷದ ಸಿಟ್ಟು ಎಲ್ಲಿಡಲೆಂದು ತಿಳಿಯಲಿಲ್ಲ. ನಿನಗೆ ತುಪ್ಪ ಬೆಲ್ಲ ಉಣಿಸಿದ್ದು ಅವರ ಪ್ರೀತಿ. ಬಲ್ಕಾರನ ಬಸುರಿನಲ್ಲಿ ನನ್ನನ್ನು ಒಣ ರೊಟ್ಟಿಯಲ್ಲಿಟ್ಟು, ಬಿಸಿಲಲ್ಲಿ ದುಡಿಸಿದ್ದು ಅವರ ಭಯ. ಪ್ರೀತಿ ಕೊಂದಿತು, ಭಯ ಉಳಿಸಿತು. ಅದು ಗೊತ್ತಾಗದೇ ಅವರೂ ಹೋದರು.

ಆ ಸಂಜೆ ಲೀನಾ ನನ್ನ ಎದುರೇ ಹೊಟ್ಟೆಯ ಚರ್ಮ ಹಿಡಿದು ಸೂಜಿ ಚುಚ್ಚಿಕೊಂಡಳು. ನಾನು ಕಣ್ಣು ಮುಚ್ಚಲಿಲ್ಲ. ಸೊಸೆ ಮಾತ್ರ ನನ್ನ ಜೊತೆ ಎರಡು ವಾರ ಮಾತು ಬಿಟ್ಟಳು, ಬಿಡಬೇಕಾದ್ದೇ. ಬಲ್ಕಾರನಿಗೆ ನಿನ್ನ ವಿಷಯ ಲೀನಾಳೇ ಹೇಳಿದಳು. ಅವನು ಹಟ್ಟಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದವನು ನನ್ನ ಮಂಚದ ತುದಿಯಲ್ಲಿ ಕೂತು, "ನನಗೆ ಯಾಕೆ ಹೇಳ್ಲಿಲ್ಲ ಬೀಜೀ?" ಎಂದ. "ನನ್ನನ್ನ ಯಾರೂ ಕೇಳ್ಲಿ‌ಲ್ಲ" ಎಂದೆ. ಅವತ್ತಿನಿಂದ ಅವನು ನನ್ನ ಕಣ್ಣು ತಪ್ಪಿಸುತ್ತಾನೆ. ಸಿಟ್ಟೋ ನಾಚಿಕೆಯೋ ಗೊತ್ತಿಲ್ಲ.

ಉಳಿದ ಪಂಜೀರಿಯನ್ನು ಓರ್ನೆಲ್ಲಾಳಿಗೆ ಕೊಟ್ಟೆ. ಹದಿನೈದು ದಿನ ಕಾಫಿಯ ಜೊತೆ ಚಮಚ ಚಮಚ ತಿಂದಳು ರಾಕ್ಷಸಿ. ಆಮೇಲೆ ಅವಳ ರಕ್ತ ನೋಡಿದರು, ಏನೂ ಆಗಿರಲಿಲ್ಲ! ದೇವರು ಎಲ್ಲರಿಗೂ ಒಂದೇ ಹಿಟ್ಟಿನಲ್ಲಿ ರೊಟ್ಟಿ ತಟ್ಟಲಿಲ್ಲ ಎಂದು ಅವತ್ತು ಒಪ್ಪಿಕೊಂಡೆ.

ಆಮೇಲೆ ನಾನೂ ಲೀನಾಳೂ ಒಂದು ಕೆಲಸ ಮಾಡಿದೆವು. ಪಾಸ್ತಾದ ಕಾಗದವನ್ನು ಪಕ್ಕಕ್ಕಿಟ್ಟು, ಅಡುಗೆ ಮನೆಯ ಪುಟ್ಟ ತಕ್ಕಡಿಯಲ್ಲಿ ಹಿಟ್ಟಿನ ಉಂಡೆ ತೂಗಿದೆವು. ಕಡಲೆ ಹಿಟ್ಟು ಬೆರೆಸಿದ ರೊಟ್ಟಿ ಒಂದು ತಿಂದರೆ ಅಂಕಿ ಎಷ್ಟು, ಎರಡು ತಿಂದರೆ ಎಷ್ಟು, ಸಾಗ್ ಜೊತೆ ಎಷ್ಟು, ಊಟದ ಮೇಲೆ ಹಟ್ಟಿಯ ಸುತ್ತ ಎರಡು ಸುತ್ತು ನಡೆದರೆ ಎಷ್ಟು. ನಾನು ನನ್ನ ಕೋಳಿ ಅಕ್ಷರದಲ್ಲಿ ಬರೆದೆ, ಲೀನಾ ಪಕ್ಕದಲ್ಲಿ ಅವರ ಭಾಷೆಯಲ್ಲಿ ಬರೆದಳು. ನಾನು ಅವಳಿಗೆ ಉಣಿಸಿದ್ದು ಎರಡನೇ ಬಸುರಿನಲ್ಲಿ ಅತ್ತೆ ನನಗೆ ಕೊಟ್ಟ ಆ ಊಟವನ್ನೇ. ಲೊರೆದಾನಾ ಆ ಹಾಳೆಯ ಒಂದು ಪ್ರತಿ ಇಟ್ಟುಕೊಂಡಳು, ನಮ್ಮ ಸೀಮೆಯ ಬೇರೆ ಹುಡುಗಿಯರಿಗೆ ಕೊಡುತ್ತೇನೆ ಎಂದಳು. ಕೊಟ್ಟಳೋ, ಯಾವ ಫೈಲಿನ ಕೆಳಗೆ ಸೇರಿಸಿದಳೋ!

ಮಧ್ಯಾಹ್ನ ಎರಡಾಯಿತು. ಫೋನು ಇನ್ನೂ ಸತ್ತಂತೆ ಬಿದ್ದಿದೆ. ಮಾಡಿದ ಚಹಾ ಕುಡಿಯದೆ ಕೆನೆ ಕಟ್ಟಿದೆ. ಒಂದು ಸಲ ಎದ್ದು ಓರ್ನೆಲ್ಲಾಳ ಬಾಗಿಲವರೆಗೆ ಹೋಗಿ ಬಂದೆ. ಅವಳು ಕಾತ್ಯಾಳ ಕೂಸನ್ನು ನೋಡಲು ಹೋಗಿದ್ದಾಳೆ. ಯಾರೂ ಇಲ್ಲದ ಮನೆಯಲ್ಲಿ ಗಡಿಯಾರಕ್ಕೆ ಎಷ್ಟು ಅಹಂಕಾರ ಬರುತ್ತದೆ ನೋಡು. ಅವತ್ತೂ ಹೀಗೇ ಇತ್ತು. ಒಂದೂವರೆ ದಿನ ಕೋಣೆಯ ತುಂಬ ಹೆಂಗಸರಿದ್ದರು, ಆದರೆ ಇದ್ದದ್ದು ನಾನು ನೀನು ಇಬ್ಬರೇ.

ಇಲ್ಲಿ ಪೆನ್ನು ಇಟ್ಟು ಎದ್ದಿದ್ದೆ. ಕತ್ತಲಾದ ಮೇಲೆ ಈಗ ಮತ್ತೆ ಕೂತೆ. ಅಕ್ಷರ ಇನ್ನೂ ಹಾಳಾಗಿದೆ, ಸಹಿಸಿಕೋ.

ಫೋನು ಬಂತು. ಬಲ್ಕಾರನದು. ಹೆಣ್ಣು. ಮೂರು ಕಿಲೋ ನಾನ್ನೂರು ಗ್ರಾಂ. ಪೈಲ್ವಾನಳಲ್ಲ, ಸರಿಯಾದ ಕೂಸು. ಹೊರಗೆ ಬಂದವಳೇ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕಿರುಚಿದಳಂತೆ, ನನ್ನ ನಾಲಿಗೆಯೇ ಬಂದಿರಬೇಕು. ಲೀನಾ ಚೆನ್ನಾಗಿದ್ದಾಳೆ. "ಬೀಜೀ, ಕೂಸಿನ ಸಕ್ಕರೆ ಇಳಿಯುತ್ತೇನೋ ಅಂತ ಒಂದು ದಿನ ನೋಡ್ತಾರಂತೆ" ಎಂದ. ಎಲ್ಲಿ ಚುಚ್ಚುತ್ತಾರೆ ಅಷ್ಟು ಚಿಕ್ಕ ಬೆರಳಿಗೆ ಎಂದು ಬೈದೆ. "ಬೆರಳಿಗಲ್ಲ ಬೀಜೀ. ಹಿಮ್ಮಡಿಗೆ."

ಅವನು ಫೋನು ಇಟ್ಟ ಮೇಲೂ ನಾನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.

ಒಂದು ಹನಿ ರಕ್ತ, ಒಂದು ಹಿಮ್ಮಡಿ. ಅದರಿಂದಲೇ ಅವರು ಅವಳನ್ನು ಕಾಯುತ್ತಿದ್ದಾರೆ. ನಿನ್ನದು ಬಾಗಿಲು ದಾಟಿ ಹೋದಾಗ ಅದನ್ನು ಮುಟ್ಟಲೂ ನನಗೆ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಕೂಸನ್ನು ಗುರುದ್ವಾರಕ್ಕೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಪಾಠ ಓದುವ ಭಾಯೀಜಿ ಗ್ರಂಥ ಸಾಹಿಬ್ ತೆರೆಯುತ್ತಾರೆ, ಆ ಪುಟದ ಮೊದಲ ಅಕ್ಷರದಿಂದ ಅವಳಿಗೆ ಹೆಸರು. ನಮ್ಮಲ್ಲಿ ಗಂಡಿಗೂ ಹೆಣ್ಣಿಗೂ ಹೆಸರು ಬೇರೆಯಿಲ್ಲ. ಸತ್ತವರಿಗಾಗಿ ಅಕ್ಷರ ಕೇಳುವ ಪದ್ಧತಿಯೂ ಇಲ್ಲ, ಕೇಳಿದರೆ ಭಾಯೀಜಿ ನನ್ನನ್ನು ಮರುಳಿ ಎಂದಾರು. ಅದಕ್ಕೇ ನಾನು ಯಾರನ್ನೂ ಕೇಳುವುದಿಲ್ಲ. ಹಿಂದೆ ಗೋಡೆಗೆ ಒರಗಿ ಕೂತಿರುತ್ತೇನೆ. ಅವಳಿಗೆ ಬಂದ ಅಕ್ಷರವನ್ನೇ ನಿನಗೂ ತೆಗೆದುಕೊಳ್ಳುತ್ತೇನೆ. ಒಂದು ಅಕ್ಷರದಲ್ಲಿ ಇಬ್ಬರಿಗೆ ಜಾಗವಾಗುತ್ತದೆ. ಮನೆಗೆ ಬಂದು ಈ ಕಾಗದದ ತಲೆಯಲ್ಲಿ ಬಿಟ್ಟ ಜಾಗದಲ್ಲಿ ನಿನ್ನ ಹೆಸರು ಬರೆಯುತ್ತೇನೆ, ಆಮೇಲೆ ಓರ್ನೆಲ್ಲಾಳ ಬಾಗಿಲು ಬಡಿದು ಹೇಳುತ್ತೇನೆ. ಅವಳು ಕೇಳಿದ್ದಳಲ್ಲ, ಉತ್ತರ ಬಾಕಿಯಿದೆ.

ಐವತ್ತು ವರ್ಷ ತಡೆದಿದ್ದೀ, ಇನ್ನು ಭಾನುವಾರದವರೆಗೆ ತಾಳು ನನ್ನ ಕಂದಾ. ಕಾಲುವೆಯ ತಂಪು ಮಣ್ಣು ನಿನ್ನನ್ನು ಬೆಚ್ಚಗಿಟ್ಟಿರಲಿ. ಹುಟ್ಟಿದವಳ ಕಾಲಿಗೆ ನೀನು ಇಡದ ಹೆಜ್ಜೆಗಳೂ ಸೇರಲಿ. ವಾಹೆಗುರು ನಿನ್ನ ಮೇಲೆ ಕೈಯಿಟ್ಟಿರಲಿ.

ನಿನ್ನ ಮುಖ ಕಾಣದ,
ನಿನ್ನ ತಾಯಿ
ಚನನ್ ಕೌರ್